ತೆಂಗಿನ ತೋಟದ ಗರಿ, ಚಿಪ್ಪಿನಿಂದ ವಿದ್ಯುತ್: ಎಷ್ಟರ ಮಟ್ಟಿಗೆ ಸಾಧ್ಯ?

ಪ್ರಶ್ನೆ: ತಿಪಟೂರಿನ ಕಡೆ ನಮ್ಮದೊಂದು ತೆಂಗಿನ ತೋಟವಿದೆ. ಗರಿ, ಮಟ್ಟೆ, ಚಿಪ್ಪು ವರ್ಷವಿಡೀ ರಾಶಿ ಬೀಳುತ್ತವೆ. ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹೊರಬರುವ ಇಂಥ ವಸ್ತುವನ್ನು ನವೀಕರಿಸಬಹುದಾದ ಇಂಧನವೆಂದು ಏಕೆ ಕರೆಯುತ್ತಾರೆ? ಇದರಿಂದ ಹಳ್ಳಿಗೆ ವಿದ್ಯುತ್ ಪಡೆಯಬಹುದೆ?

ಉತ್ತರ: ಗರಿ ಉರಿದಾಗ ಹೊರಬರುವ ಇಂಗಾಲವನ್ನು ಆ ಮರ ಕೆಲವೇ ವರ್ಷಗಳ ಹಿಂದೆ ಗಾಳಿಯಿಂದ ಹೀರಿಕೊಂಡಿತ್ತು, ಹೊಸ ಗರಿಗಳು ಬೆಳೆಯುವಾಗ ಅದು ಮತ್ತೆ ಮರವನ್ನು ಸೇರುತ್ತದೆ. ಕಲ್ಲಿದ್ದಲಾದರೋ ಕೋಟ್ಯಂತರ ವರ್ಷ ನೆಲದಡಿ ಹುದುಗಿದ್ದ ಇಂಗಾಲವನ್ನು ಗಾಳಿಗೆ ಹೊಸದಾಗಿ ಸೇರಿಸುತ್ತದೆ. ಆದರೆ ಈ ಲೆಕ್ಕ ಸರಿಹೋಗುವುದು ಸುಟ್ಟಷ್ಟು ಮತ್ತೆ ಬೆಳೆದಾಗ ಮಾತ್ರ. ಬೆಳೆದು ನಿಂತ ಕಾಡನ್ನು ಕಡಿದು ಉರಿಸಿದರೆ ಆ ಸಾಲ ತೀರಲು ದಶಕಗಳೇ ಬೇಕಾಗುತ್ತವೆ.

ಹಳ್ಳಿಯ ವಿದ್ಯುತ್ತಿಗೆ ನಿಮ್ಮ ಜಿಲ್ಲೆಯಲ್ಲೇ ಉದಾಹರಣೆಯಿದೆ. 1980ರ ದಶಕದ ಕೊನೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ, ಹಳ್ಳಿಗಳಿಗಾಗಿ ತಂತ್ರಜ್ಞಾನ ರೂಪಿಸುವ 'ಅಸ್ತ್ರ' ಕೇಂದ್ರದವರು ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಕಟ್ಟಿಗೆಯನ್ನು ಉರಿಯುವ ಅನಿಲವಾಗಿಸುವ ಗ್ಯಾಸಿಫೈಯರ್ ಸ್ಥಾಪಿಸಿ, ಊರಿನ ಪಕ್ಕದಲ್ಲೇ ಬೆಳೆಸಿದ ನೆಡುತೋಪಿನ ಕಟ್ಟಿಗೆಯಿಂದ ಮನೆಗಳಿಗೆ ದೀಪ, ನಲ್ಲಿಗೆ ಕುಡಿಯುವ ನೀರು, ಹಿಟ್ಟಿನ ಗಿರಣಿಗೆ ಶಕ್ತಿ ಒದಗಿಸಿದರು. ಈ ಸಾಧನದಲ್ಲಿ ಕಟ್ಟಿಗೆ ಪೂರ್ತಿ ಉರಿಯಲು ಬೇಕಾದಷ್ಟು ಗಾಳಿಯನ್ನು ಬಿಡುವುದಿಲ್ಲ; ಅರೆಬೆಂದ ಕಟ್ಟಿಗೆಯ ಹೊಗೆ ನಿಗಿನಿಗಿ ಕೆಂಡದ ಹಾಸಿನ ಮೂಲಕ ಇಳಿಯುವಾಗ ಅದರಲ್ಲಿನ ಟಾರು (ಎಂಜಿನ್ನಿಗೆ ಮೆತ್ತಿಕೊಳ್ಳುವ ಅಂಟು ಪದಾರ್ಥ) ಒಡೆದು, ಕಾರ್ಬನ್ ಮಾನಾಕ್ಸೈಡ್ ಮತ್ತು ಜಲಜನಕ ಇರುವ ಉರಿಯಬಲ್ಲ ಅನಿಲ ದೊರೆಯುತ್ತದೆ. ಅದನ್ನು ತಣಿಸಿ, ಸೋಸಿ ಡೀಸೆಲ್ ಎಂಜಿನ್ನಿಗೆ ಕೊಟ್ಟರೆ ಡೀಸೆಲ್ಲಿನ ಬಹುಪಾಲು ಉಳಿಯುತ್ತದೆ. ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 1ರಿಂದ 1.5 ಕಿಲೋ ಒಣ ಕಟ್ಟಿಗೆ ಬೇಕು.

'ಒಣ' ಎಂಬುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹಸಿ ಕಟ್ಟಿಗೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರುತ್ತದೆ, ಅದನ್ನು ಆವಿ ಮಾಡಲು ಶಾಖ ವ್ಯರ್ಥವಾಗುತ್ತದೆ, ಕೆಂಡ ತಣ್ಣಗಾಗಿ ಟಾರು ಒಡೆಯದೆ ಎಂಜಿನ್ ಸೇರುತ್ತದೆ. ತೇವಾಂಶ ಶೇ 20ಕ್ಕಿಂತ ಕಡಿಮೆ ಇರಬೇಕು. ಗರಿಯ ಇನ್ನೊಂದು ತೊಡಕು, ಅದು ಹಗುರ, ಆದರೆ ಜಾಗ ತುಂಬುತ್ತದೆ. ಲಾರಿಯಲ್ಲಿ ದೂರ ಸಾಗಿಸಿದರೆ ಲಾಭವೆಲ್ಲ ಬಾಡಿಗೆಗೇ ಹೋಗುತ್ತದೆ. ಸಕ್ಕರೆ ಕಾರ್ಖಾನೆಗಳ ವಿದ್ಯುತ್ ಉತ್ಪಾದನೆ ಗೆದ್ದಿರುವುದಕ್ಕೆ ಕಾರಣವೂ ಇಲ್ಲಿಯೇ ಇದೆ: ಒಂದು ಟನ್ ಕಬ್ಬಿನ ಜೊತೆಗೇ 280ರಿಂದ 300 ಕಿಲೋ ಸಿಪ್ಪೆ ಪ್ರತ್ಯೇಕ ಸಾಗಣೆ ವೆಚ್ಚವಿಲ್ಲದೆ ಬಾಯ್ಲರಿನ ಬಳಿಗೆ ಬಂದು ಬೀಳುತ್ತದೆ.

ನನ್ನ ಅಭಿಪ್ರಾಯದಲ್ಲಿ ನಿಮ್ಮ ತೋಟದ ಗರಿ, ಮಟ್ಟೆಗಳನ್ನು ಮೊದಲು ವಿದ್ಯುತ್ತಿಗಲ್ಲ, ಶಾಖಕ್ಕೆ ಬಳಸಬೇಕು. ಸಣ್ಣ ಎಂಜಿನ್ನಿನ ವ್ಯವಸ್ಥೆಯಲ್ಲಿ ಕಟ್ಟಿಗೆಯ ಶಕ್ತಿಯ ಸುಮಾರು ಐದನೆಯ ಒಂದು ಭಾಗ ಮಾತ್ರ ವಿದ್ಯುತ್ತಾಗುತ್ತದೆ. ಅಡಿಕೆ ಬೇಯಿಸುವ ಹಂಡೆಗೋ ಆಲೆಮನೆಯ ಕೊಪ್ಪರಿಗೆಗೋ ಒಳ್ಳೆಯ ಒಲೆಯಲ್ಲಿ ಉರಿಸಿದರೆ ಇದಕ್ಕಿಂತ ಹೆಚ್ಚು ಪಾಲು ಉಪಯೋಗಕ್ಕೆ ಬರುತ್ತದೆ. ಚಿಪ್ಪಿಗೆ ಇದ್ದಿಲು ತಯಾರಕರಿಂದ ಒಳ್ಳೆಯ ಬೆಲೆ ಸಿಗುವಾಗ ಅದನ್ನು ಮಾರುವುದೇ ಮೇಲು. ಗರಿಯಲ್ಲಂತೂ ದೊಡ್ಡ ಪಾಲನ್ನು ಮರದ ಬುಡಕ್ಕೇ ಹೊದಿಕೆಯಾಗಿ ಬಿಡಿ, ಏಕೆಂದರೆ ಮಳೆ ಕಡಿಮೆಯಾದ ನಿಮ್ಮ ಭಾಗದಲ್ಲಿ ಮಣ್ಣಿನ ತೇವ ಮತ್ತು ಸಾವಯವ ಅಂಶ ಕುಗ್ಗಿದರೆ ಮುಂದಿನ ವರ್ಷಗಳ ಇಳುವರಿಗೇ ಪೆಟ್ಟು ಬೀಳುತ್ತದೆ. ಇಷ್ಟರ ನಂತರವೂ ಮಟ್ಟೆಯ ದಪ್ಪ ಬುಡಗಳು ಉಳಿದರೆ, ಅಕ್ಕಪಕ್ಕದ ಹತ್ತಾರು ತೋಟದವರು ಸೇರಿ ಗ್ಯಾಸಿಫೈಯರ್ ಯೋಚಿಸಬಹುದು. ಅದಕ್ಕೆ ಮುಂಚೆ ಮಳೆಗಾಲದಲ್ಲೂ ಕಟ್ಟಿಗೆ ಒಣಗಿಯೇ ಇರುವಂಥ ಶೆಡ್ಡನ್ನು ಕಟ್ಟಿಕೊಳ್ಳಿ.