ವಿಸ್ಕಾಸಿಟಿ ಪ್ರಿಂಟ್: ಬಣ್ಣ ಕಲಸಿ ರಾಡಿಯಾಗುವುದೇಕೆ?

ವಿಸ್ಕಾಸಿಟಿ ಪ್ರಿಂಟ್‌ನಲ್ಲಿ, ಅಂದರೆ ಇಂಕಿನ ಗಟ್ಟಿ-ತೆಳುವಿನ ವ್ಯತ್ಯಾಸ ಬಳಸಿ ಒಂದೇ ಪ್ಲೇಟಿನಿಂದ ಹಲವು ಬಣ್ಣ ಅಚ್ಚು ಹಾಕುವ ಕ್ರಮದಲ್ಲಿ, ಆ್ಯಸಿಡ್‌ನಿಂದ ಕೊರೆದ ಒಂದೇ ಸತುವಿನ ಪ್ಲೇಟಿಗೆ ಹಳದಿ, ನೀಲಿ ಎರಡೂ ರೋಲ್ ಮಾಡಿದಾಗ ಬೇರೆ ಬೇರೆ ನಿಲ್ಲದೆ ಮಂಕು ಹಸಿರಾಗುತ್ತಿದೆ ಎಂದು ಕೇಳಿದ್ದೀರಿ. ಬಹುಪಾಲು ಇದು ಇಂಕಿಗೆ ಬೆರೆಸುವ ಎಣ್ಣೆಯ ಲೆಕ್ಕ ತಪ್ಪಿದ್ದರಿಂದ ಆಗುವುದು.

ಪ್ಯಾರಿಸ್ಸಿನ ಅಟೆಲಿಯರ್ 17 ಎಂಬ ಮುದ್ರಣಕಲಾ ಕಾರ್ಯಾಗಾರದಲ್ಲಿ ಕಲಾವಿದರಾದ ಕೃಷ್ಣ ರೆಡ್ಡಿ, ಕೈಕೋ ಮೋತಿ ಬೆಳೆಸಿದ ಈ ಕ್ರಮ ನಿಂತಿರುವುದೇ ತೆಳು ಇಂಕು ಗಟ್ಟಿ ಇಂಕನ್ನು ತನ್ನ ಮೇಲೆ ಕೂರಲು ಬಿಡುವುದಿಲ್ಲ ಎಂಬುದರ ಮೇಲೆ. ಗೆರೆಗಳಿಗೆ ಕಪ್ಪು ತುಂಬಿ ಒರೆಸಿದ ಮೇಲೆ, ಹೆಚ್ಚು ಲಿನ್ಸೀಡ್ ಎಣ್ಣೆ ಬೆರೆಸಿದ ತೆಳು ಬಣ್ಣವನ್ನು ಗಟ್ಟಿ ರೋಲರಿನಿಂದ, ಒತ್ತದೆ, ಮೇಲ್ಮೈಗೆ ಮಾತ್ರ ಹಚ್ಚಿ. ನಂತರ ಎಣ್ಣೆ ಸೇರಿಸದ ಬಣ್ಣವನ್ನು ಮೆತ್ತನೆಯ ರೋಲರಿನಿಂದ ಒತ್ತಿ ಹಚ್ಚಿದರೆ ಅದು ತಗ್ಗುಗಳಿಗೆ ಇಳಿಯುತ್ತದೆ. ಕ್ರಮ ತಿರುಗಿಸಿದರೆ ಕೆಟ್ಟಿತು.

ಚಾಕುವಿನ ತುದಿಯಿಂದ ಎತ್ತಿ ನೋಡಿ: ತೆಳು ಇಂಕು ಜೇನುತುಪ್ಪದ ಹಾಗೆ ಎಡೆಬಿಡದೆ ಇಳಿಯಬೇಕು, ಗಟ್ಟಿಯದು ಚಾಕುವಿಗೇ ಅಂಟಿ ನಿಲ್ಲಬೇಕು. ಗಟ್ಟಿ ಸಾಲದಿದ್ದರೆ ಚಿಟಿಕೆ ಮೆಗ್ನೀಸಿಯಂ ಕಾರ್ಬೊನೇಟ್ ಬೆರೆಸಿ.

ರೋಲರಿನ ಅಳತೆಯನ್ನು ಬಹಳ ಜನ ಮರೆಯುತ್ತಾರೆ. ಪ್ಲೇಟಿನ ಉದ್ದಕ್ಕೂ ಒಂದೇ ಸುತ್ತಿನಲ್ಲಿ ಮುಗಿಯಬೇಕು; 10 ಸೆಂ.ಮೀ. ವ್ಯಾಸದ ರೋಲರಿಗೆ ಸುಮಾರು 31 ಸೆಂ.ಮೀ. ಸಿಗುತ್ತದೆ. ಅದಕ್ಕಿಂತ ಉದ್ದದ ಪ್ಲೇಟಾದರೆ ಎರಡನೇ ಸುತ್ತಿನಲ್ಲಿ, ಮೊದಲು ಎತ್ತಿಕೊಂಡ ಬಣ್ಣವನ್ನೇ ರೋಲರ್ ಮತ್ತೆ ಒತ್ತುತ್ತದೆ, ಅಡ್ಡಪಟ್ಟಿ ಮೂಡುತ್ತದೆ. ಹಿಂದಕ್ಕೂ ಮುಂದಕ್ಕೂ ಉರುಳಿಸಲೇಬೇಡಿ.

ಇಷ್ಟಾದರೂ ಕಲಸಿದರೆ ಪ್ಲೇಟ್ ಸಾಕಷ್ಟು ಆಳವಾಗಿ ಕೊರೆದಿಲ್ಲ ಎಂದರ್ಥ. ಬೆರಳಾಡಿಸಿದರೆ ಮೇಲ್ಮೈಗೂ ತಗ್ಗಿಗೂ ನಡುವಿನ ಮೆಟ್ಟಿಲು ಸ್ಪಷ್ಟವಾಗಿ ತಾಕುವಷ್ಟು ಆ್ಯಸಿಡ್‌ನಲ್ಲಿ ಮತ್ತೆ ಇಳಿಸಿ.