ತೂತು, ಸೀಳು ಇರುವ ಈ ದೊಡ್ಡ ಎಲೆಯ ಗಿಡ ಯಾವುದು?

ಎಲೆ ಊಟದ ತಟ್ಟೆಗಿಂತ ದೊಡ್ಡದು, ಅಂಚು ಸೀಳಿದೆ, ನಡುನರದ ಪಕ್ಕ ಸಣ್ಣ ತೂತುಗಳಿವೆ, ಕಾಂಡದಿಂದ ಕಂದು ಬೇರು ಇಳಿಬಿದ್ದಿದೆ ಅಂತ ಬರೆದಿದ್ದೀರಿ. ಆ ತೂತುಗಳೇ ಗುಟ್ಟು ಬಿಟ್ಟುಕೊಡ್ತವೆ. ಇದು ಮಾನ್‌ಸ್ಟೆರಾ ಡೆಲಿಸಿಯೋಸಾ. ದಕ್ಷಿಣ ಮೆಕ್ಸಿಕೋದಿಂದ ಪನಾಮಾದವರೆಗಿನ ಕಾಡುಗಳಲ್ಲಿ ಮರ ಹತ್ತಿ ಬೆಳೆಯುವ ಬಳ್ಳಿ.

ನಿಮಗೆ ಯಾರೋ ಇದನ್ನು ಫಿಲೊಡೆಂಡ್ರಾನ್ (ಇದೇ ಕುಟುಂಬದ ಬೇರೊಂದು ಗಿಡ) ಅಂದಿದ್ದಾರೆ ಅಂತಲೂ ಬರೆದಿದ್ದೀರಿ. ಆ ಗೊಂದಲ ತುಂಬಾ ಹಳೆಯದು. ಅವರ ಮನಸ್ಸಿನಲ್ಲಿದ್ದದ್ದು ಬಹುಶಃ ಸೆಲೋಮ್ ಅನ್ನೋ ಗಿಡ. 2018ರಲ್ಲಿ ಅದನ್ನು ಫಿಲೊಡೆಂಡ್ರಾನ್‌ನಿಂದ ಬೇರೆ ಮಾಡಿ ಥೌಮಟೋಫಿಲಮ್ ಕುಲಕ್ಕೆ ಸೇರಿಸಿದರು. ಅದರ ಎಲೆಯೂ ಸೀಳಿರುತ್ತದೆ, ಆದರೆ ಒಳಗೆ ತೂತು ಇರಲ್ಲ, ಅಂಚು ಅಲೆ ಅಲೆಯಾಗಿರುತ್ತದೆ. ಕಾಂಡದ ಮೇಲೆ ಉದುರಿದ ಎಲೆಗಳ ಗುರುತು ಕಣ್ಣಿನ ಹಾಗೆ ಕಾಣುತ್ತದೆ.

ಇನ್ನೂ ಅನುಮಾನ ಇದ್ದರೆ ಎಲೆಯ ತೊಟ್ಟನ್ನು ಬೆರಳಲ್ಲಿ ಸವರಿಕೊಂಡು ಮೇಲೆ ಹೋಗಿ. ಎಲೆ ಶುರುವಾಗುವ ಕಡೆ ಸ್ವಲ್ಪ ಉಬ್ಬಿ, ನಮ್ಮ ಬೆರಳಿನ ಗೆಣ್ಣಿನ ಹಾಗೆ ಸುಕ್ಕುಸುಕ್ಕಾಗಿದ್ದರೆ ಅದು ಮಾನ್‌ಸ್ಟೆರಾ. ಅಲ್ಲಿಂದಲೇ ಅದು ಎಲೆಯನ್ನು ಬೆಳಕಿನ ಕಡೆ ತಿರುಗಿಸೋದು. ನನಗಂತೂ ಇದೇ ಅತ್ಯಂತ ನಂಬಿಕೆಯ ಗುರುತು. ಯಾಕಂದ್ರೆ ಎಳೆ ಗಿಡದ ಎಲೆ ಸುಮ್ನೆ ಹೃದಯದ ಆಕಾರದಲ್ಲಿರುತ್ತದೆ, ತೂತೂ ಇಲ್ಲ, ಸೀಳೂ ಇಲ್ಲ.

ಇಳಿಬಿದ್ದ ಬೇರನ್ನು ಕತ್ತರಿಸಬೇಡಿ, ಒಂದು ಕೋಲು ನೆಟ್ಟು ಹತ್ತಲು ಬಿಡಿ. ಎಲೆ ಇನ್ನೂ ದೊಡ್ಡದಾಗುತ್ತದೆ. ಮನೆಯಲ್ಲಿ ಪುಟ್ಟ ಮಕ್ಕಳು, ಬೆಕ್ಕು, ನಾಯಿ ಇದ್ದರೆ ಕೈಗೆಟುಕದ ಕಡೆ ಇಡಿ. ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ, ಅಗಿದರೆ ಬಾಯಿ ಉರಿದು ಊದಿಕೊಳ್ಳುತ್ತದೆ.