ಅಪ್ಪ ಅಮ್ಮನ ಜೊತೆ ಲಂಡನ್‌ಗೆ ಹೊರಟಿದ್ದೇವೆ, ಎಲ್ಲರ ದುಡ್ಡು, ಕಾರ್ಡು, ಟಿಕೆಟ್ಟು ನಾನೊಬ್ಬನೇ ಇಟ್ಟುಕೊಂಡರೆ ಸಾಕಲ್ವಾ?

ಸಾಕಾಗಲ್ಲ. ನಗದು ಒಳ್ಳೆಯದಾ, ಫಾರೆಕ್ಸ್ ಕಾರ್ಡ್ (ವಿದೇಶಿ ಹಣವನ್ನು ಮೊದಲೇ ತುಂಬಿಸಿ ಒಯ್ಯುವ ಕಾರ್ಡ್) ಒಳ್ಳೆಯದಾ ಅಂತ ಕೇಳಿದ್ದೀರಿ, ಅದಕ್ಕೂ ಬರುತ್ತೇನೆ. ಆದರೆ "ಅಪ್ಪ ಅಮ್ಮನಿಗೆ ಇದೆಲ್ಲ ಗೊತ್ತಾಗಲ್ಲ, ನಾಲ್ಕೂ ಜನರದ್ದು ನನ್ನ ಪರ್ಸಲ್ಲೇ ಇರುತ್ತೆ" ಅಂತ ಬರೆದಿದ್ದೀರಲ್ಲ, ಅದನ್ನು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಲಂಡನ್ನಿಗೆ ಅಂತ ಮೈಸೂರಿಂದ ಹೊರಡುವಾಗ ನಾನೂ ಇದನ್ನೇ ಹೇಳಿದ್ದೆ, ಮಂಡ್ಯದಿಂದ ಬಂದಿದ್ದ ನಮ್ಮವ್ವನಿಗೆ.

ಅಲ್ಲಿ ನನ್ನ ತಂಗಿಯ ಮನೆ ಇರೋದು ಹೌನ್ಸ್ಲೋದಲ್ಲಿ, ಹೀಥ್ರೂ ವಿಮಾನ ನಿಲ್ದಾಣದ ಹತ್ತಿರ. ಅಲ್ಲಿಂದ ಊರೊಳಗೆ ಹೋಗೋಕೆ ಪಿಕಡಿಲಿ ಲೈನ್ ರೈಲು. ಅವ್ವನ ಹೆಸರಲ್ಲೂ ಒಂದು ಫಾರೆಕ್ಸ್ ಕಾರ್ಡ್ ಮಾಡಿಸಿದ್ದೆ, ನನ್ನದೊಂದು ಇತ್ತು, ಜೊತೆಗೆ ನನ್ನ ಕ್ರೆಡಿಟ್ ಕಾರ್ಡ್. ಮೂರೂ ನನ್ನ ಪರ್ಸಲ್ಲಿ. ಅವ್ವ ಮೊದಲ ದಿನವೇ ಕೇಳಿದರು, "ನನ್ ಕಾರ್ಡು ನನ್ ಕೈಗೆ ಕೊಡಪ್ಪ, ಬಸ್ಸಲ್ಲಿ ಟಿಕೀಟು ನಾನೇ ಇಟ್ಕೊಳಲ್ವಾ?" ಕಳೆದುಬಿಡ್ತೀರಿ ಬಿಡವ್ವ ಅಂದೆ.

ಅವರು ಹೇಳಿದ್ದು ನೂರಕ್ಕೆ ನೂರು ಸರಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅವ್ವ ಮಂಡ್ಯದಿಂದ ಮೈಸೂರಿಗೆ ಒಬ್ಬರೇ ಓಡಾಡುತ್ತಾರೆ. ಆಧಾರ್ ತೋರಿಸಿ, ಸೊನ್ನೆ ರೂಪಾಯಿ ಟಿಕೆಟ್ ಈಸ್ಕೊಂಡು, ಅದನ್ನು ಉದ್ದಕ್ಕೆ ಮಡಚಿ ಬಳೆಯೊಳಗೆ ಸಿಕ್ಕಿಸಿಕೊಳ್ಳುತ್ತಾರೆ. ಇಳಿಯೋವರೆಗೂ ಅದು ಅಲ್ಲೇ. ಚೆಕಿಂಗ್‌ನವರು ಹತ್ತಿದರೆ ಕೈ ಮುಂದೆ ಚಾಚಿದರೆ ಆಯ್ತು. ದುಡ್ಡೇ ಕೊಡದ ಟಿಕೆಟ್ಟನ್ನು ಇಷ್ಟು ಜೋಪಾನ ಮಾಡುವವರು ಕಾರ್ಡ್ ಕಳೆಯುತ್ತಾರಾ?

ಈಗ ನನಗೆ ದುಡ್ಡು ಕಳೆದದ್ದು ಎಲ್ಲಿ ಅಂತ ಬಿಡಿಸಿ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತೆ, ಆದರೂ ಓದಿ.

ಲಂಡನ್ನಿನ ಸುರಂಗ ರೈಲಿಗೆ, ಅದನ್ನು ಟ್ಯೂಬ್ ಅಂತಾರೆ, ಮೊದಲೇ ಟಿಕೆಟ್ ತಗೊಳ್ಳೋ ಅಗತ್ಯ ಇಲ್ಲ. ಒಳಗೆ ಹೋಗುವಾಗ ಗೇಟಿನಲ್ಲಿರುವ ದುಂಡನೆಯ ಹಳದಿ ಯಂತ್ರಕ್ಕೆ ಬ್ಯಾಂಕ್ ಕಾರ್ಡ್ ತಾಗಿಸಬೇಕು, ಹೊರಗೆ ಬರುವಾಗಲೂ ತಾಗಿಸಬೇಕು. ಎಲ್ಲಿ ಹತ್ತಿದಿರಿ, ಎಲ್ಲಿ ಇಳಿದಿರಿ ಅನ್ನೋದನ್ನು ಆ ಕಾರ್ಡಿನ ಮೇಲೆ ಜೋಡಿಸಿ ದರ ಹಾಕುತ್ತಾರೆ. ಜೋಡಿಯಾಗೋದು ಮನುಷ್ಯನ ಮೇಲೆ ಅಲ್ಲ, ಕಾರ್ಡಿನ ಮೇಲೆ. ಒಂದು ಕಾರ್ಡಲ್ಲಿ ಒಳಗೆ ಹೋಗಿ ಇನ್ನೊಂದರಲ್ಲಿ ಹೊರಗೆ ಬಂದರೆ, ಮೊದಲನೆಯದಕ್ಕೆ ಹತ್ತಿದ್ದು ಮಾತ್ರ ಗೊತ್ತು, ಎರಡನೆಯದಕ್ಕೆ ಇಳಿದದ್ದು ಮಾತ್ರ ಗೊತ್ತು. ಎರಡೂ ಅರ್ಧ ಪ್ರಯಾಣ. ಅರ್ಧ ಪ್ರಯಾಣಕ್ಕೆ ಅವರು ಹಾಕೋದು ಗರಿಷ್ಠ ದರ. ಅಂದರೆ ಒಂದು ಸಲ ಓಡಾಡಿದ್ದಕ್ಕೆ ಎರಡು ಗರಿಷ್ಠ ದರ.

ನಾನು ಮಾಡುತ್ತಿದ್ದದ್ದು ಏನು? ಪರ್ಸನ್ನು ತೆಗೆದು ಹಾಗೇ ಇಡೀ ಪರ್ಸನ್ನೇ ಹಳದಿ ಯಂತ್ರಕ್ಕೆ ಒತ್ತುತ್ತಿದ್ದೆ. ಗೇಟ್ ತೆರೆಯುತ್ತಿತ್ತು. ಆಮೇಲೆ ಅವ್ವನ ಕಾರ್ಡ್ ಹೊರಗೆಳೆದು ಅವರಿಗೆ ತಾಗಿಸುತ್ತಿದ್ದೆ, ಅವರಿಗೂ ತೆರೆಯುತ್ತಿತ್ತು. ಪರ್ಸಿನೊಳಗೆ ಮೂರು ಕಾರ್ಡ್ ಇವೆ, ಮೂರರಲ್ಲಿ ಯಾವುದನ್ನು ಯಂತ್ರ ಓದಿತು ಅಂತ ನನಗೆ ಹೇಗೆ ಗೊತ್ತಾಗಬೇಕು? ಹತ್ತುವಾಗ ಕ್ರೆಡಿಟ್ ಕಾರ್ಡ್ ಓದಿರುತ್ತಿತ್ತು, ಇಳಿಯುವಾಗ ಫಾರೆಕ್ಸ್ ಕಾರ್ಡ್. ಗೇಟ್ ತೆರೆದ ಮೇಲೆ ಎಲ್ಲ ಸರಿ ಇದೆ ಅಂತಲೇ ಯಾರಿಗಾದರೂ ಅನ್ನಿಸುತ್ತೆ. ಆದರೆ ಒಳಗೆ ಬರಲಿ, ಹೊರಗೆ ಹೋಗಲಿ, ಗೇಟಿಗೆ ಬೇಕಾದದ್ದು ನಡೆಯುವ ಒಂದು ಕಾರ್ಡ್ ಅಷ್ಟೇ. ಲೆಕ್ಕ ಆಗೋದು ಆಮೇಲೆ, ಬೇರೆ ಕಡೆ.

ಇನ್ನೂ ಒಂದು ವಿಷಯ. ತಾಗಿಸಿದ ತಕ್ಷಣ ನಿಮಗೆ ದರ ಕಾಣಲ್ಲ. ದಿನವಿಡೀ ಓಡಾಡಿದ್ದೆಲ್ಲ ಒಟ್ಟು ಮಾಡಿ, ದಿನ ಮುಗಿದ ಮೇಲೆ ಒಂದೇ ಮೊತ್ತ ಹಾಕುತ್ತಾರೆ. ಬ್ಯಾಂಕಿನಿಂದ ಮೆಸೇಜ್ ಬರುವ ಹೊತ್ತಿಗೆ ನಾವು ಮಾರನೇ ದಿನದ ತಿರುಗಾಟದಲ್ಲಿ ಇರುತ್ತಿದ್ದೆವು. ಲಂಡನ್ ದುಬಾರಿ ಊರು, ಇಷ್ಟು ಆಗುತ್ತೇನೋ ಅಂದುಕೊಂಡು ಬಿಟ್ಟುಬಿಟ್ಟೆ. ದಿನಕ್ಕೆ ಇಷ್ಟಕ್ಕಿಂತ ಜಾಸ್ತಿ ತಗೊಳ್ಳಲ್ಲ ಅಂತ ಅಲ್ಲಿ ಒಂದು ಮಿತಿ ಇದೆ, ಸೋಮವಾರದಿಂದ ಭಾನುವಾರದವರೆಗೆ ವಾರದ ಮಿತಿಯೂ ಇದೆ. ಅದೂ ಕಾರ್ಡಿನ ಮೇಲೆಯೇ. ಮೂರು ಕಾರ್ಡಿಗೆ ಹಂಚಿಹೋದರೆ ಆ ಮಿತಿಯ ಲಾಭ ಪೂರ್ತಿ ಸಿಗಲ್ಲ. ಮೇಲಿಂದ ಕ್ರೆಡಿಟ್ ಕಾರ್ಡಲ್ಲಿ ಹೋದದ್ದಕ್ಕೆಲ್ಲ ನಮ್ಮ ಬ್ಯಾಂಕಿನವರು ವಿದೇಶಿ ವಹಿವಾಟಿನ ಶುಲ್ಕ ಹಾಕಿ, ಆ ಶುಲ್ಕಕ್ಕೆ ಜಿಎಸ್‌ಟಿಯನ್ನೂ ಹಾಕಿದ್ದರು.

ಇದು ಬಯಲಾಗಿದ್ದು ಬಸವಣ್ಣನವರನ್ನು ನೋಡೋಕೆ ಹೋದ ದಿನ. ಥೇಮ್ಸ್ ದಡದಲ್ಲಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಅನ್ನೋ ಕಡೆ ಬಸವೇಶ್ವರರ ಪುತ್ಥಳಿ ಇದೆ, 2015ರ ನವೆಂಬರ್‌ನಲ್ಲಿ ಅನಾವರಣ ಆಗಿದ್ದು. ಅದನ್ನು ನೋಡದೆ ಊರಿಗೆ ಬರಲ್ಲ ಅಂತ ಅವ್ವ ಹೇಳಿದ್ದರು. ಗ್ರೀನ್ ಪಾರ್ಕ್‌ನಲ್ಲಿ ರೈಲು ಬದಲಿಸಿ ವಾಕ್ಸ್‌ಹಾಲ್‌ನಲ್ಲಿ ಇಳಿದೆವು. ಎಂದಿನಂತೆ ಪರ್ಸ್ ಒತ್ತಿದೆ, ಗೇಟ್ ತೆರೆಯಿತು, ನಾನು ಆಚೆ ಬಂದೆ. ಕೈ ಹಿಂದಕ್ಕೆ ಚಾಚಿ ಅವ್ವನ ಕಾರ್ಡ್ ತಾಗಿಸಿದರೆ ಕೆಂಪು ದೀಪ. ಮತ್ತೆ ತಾಗಿಸಿದೆ, ಮತ್ತೆ ಕೆಂಪು. ಆ ಸಲ ಯಂತ್ರ ನನ್ನ ಪರ್ಸಿನೊಳಗೆ ಓದಿದ್ದು ಅವ್ವನ ಕಾರ್ಡನ್ನೇ. ಅವರ ಕಾರ್ಡಿನ ಲೆಕ್ಕದಲ್ಲಿ ಅವರು ಆಗಲೇ ಹೊರಗೆ ಹೋಗಿದ್ದರು! ಒಳಗೆ ಅವ್ವ, ಕೈಯಲ್ಲಿ ಕಾರ್ಡಿಲ್ಲ, ಟಿಕೆಟ್ಟಿಲ್ಲ, ಒಂದು ಪೌಂಡ್ ದುಡ್ಡಿಲ್ಲ, ಫೋನೂ ನನ್ನ ಬ್ಯಾಗಲ್ಲಿ. ಹಿಂದೆ ಆಫೀಸಿನ ಜನ ಸಾಲುಗಟ್ಟಿ ನಿಂತಿದ್ದರು, ಅವ್ವ ಸೆರಗು ಬಿಗಿ ಹಿಡಿದುಕೊಂಡು ಪಕ್ಕಕ್ಕೆ ಸರಿಯುತ್ತಾ ಸರಿಯುತ್ತಾ ನನ್ನ ಕಣ್ಣಿಗೆ ಕಾಣದ ಹಾಗೆ ಆಗಿಬಿಟ್ಟರು. ಅಲ್ಲಿನ ಸಿಬ್ಬಂದಿಯೊಬ್ಬರು ಅಗಲ ಗೇಟ್ ತೆಗೆದು ಅವರನ್ನು ಕರೆದುಕೊಂಡು ಬಂದರು, ಒಳ್ಳೆಯ ಮನುಷ್ಯ. ನಿಮಗೆ ಇಷ್ಟೆಲ್ಲ ಬರೆಯುತ್ತಿರೋದು ಆ ಎರಡು ನಿಮಿಷಕ್ಕಾಗಿಯೇ. ಹೋದ ದುಡ್ಡಿಗಾಗಿ ಅಲ್ಲ.

ರಾತ್ರಿ ತಂಗಿ ಸಾರಿಗೆಯವರ ವೆಬ್‌ಸೈಟಲ್ಲಿ ಖಾತೆ ತೆರೆದು ಕಾರ್ಡುಗಳನ್ನು ಸೇರಿಸಿ ನೋಡಿದಳು. ಸಾಲು ಸಾಲು ಅಪೂರ್ಣ ಪ್ರಯಾಣಗಳು. ಅರ್ಜಿ ಹಾಕಿದ ಮೇಲೆ ಒಂದಷ್ಟು ವಾಪಸ್ ಬಂತು, ಎಲ್ಲ ಬರಲಿಲ್ಲ. ನೀವು ಹೋದ ಮೊದಲ ದಿನವೇ ಈ ಖಾತೆ ತೆರೆದುಬಿಡಿ, ಮಲಗುವ ಮುಂಚೆ ಒಮ್ಮೆ ನೋಡಿಕೊಳ್ಳಿ.

ಮಾರನೇ ದಿನದಿಂದ ಅವ್ವನ ಕಾರ್ಡ್ ಅವ್ವನ ಹತ್ತಿರವೇ, ಕೊರಳಿಗೆ ಹಾಕಿಕೊಳ್ಳುವ ಚಿಕ್ಕ ಚೀಲದಲ್ಲಿ. ಹತ್ತುವಾಗ ಅದೇ, ಇಳಿಯುವಾಗ ಅದೇ. ಒಂದು ಸಲವೂ ತಪ್ಪಲಿಲ್ಲ.

ಅದಕ್ಕೇ ಹೇಳೋದು, ನಗದೋ ಕಾರ್ಡೋ ಅನ್ನೋದು ಆಮೇಲಿನ ಮಾತು. ನಾಲ್ಕು ಜನರಿಗೆ ನಾಲ್ಕು ಕಾರ್ಡ್, ಅವರವರದ್ದು ಅವರವರ ಕೈಯಲ್ಲಿ, ಮೊದಲು ಇದು ಆಗಲಿ. ಅಪ್ಪನಿಗೆ ಬ್ಯಾಂಕ್ ಕಾರ್ಡ್ ಬೇಡವೇ ಬೇಡ ಅನ್ನಿಸಿದರೆ ಅಲ್ಲಿ ಇಳಿದ ಮೇಲೆ ಆಯ್ಸ್ಟರ್ ಕಾರ್ಡ್, ಅಂದರೆ ಲಂಡನ್ನಿನ ಬಸ್ಸು ರೈಲಿಗೆ ಅಂತಲೇ ಇರುವ ಕಾರ್ಡ್, ತೆಗೆಸಿಕೊಡಿ. ಕಾರ್ಡಿಗೆ ಕೊಟ್ಟ ಬೆಲೆ ವಾಪಸ್ ಬರಲ್ಲ, ಆದರೆ ದುಡ್ಡು ತುಂಬಿಸಿ ಕೊಟ್ಟರೆ ಆರಾಮಾಗಿ ಓಡಾಡುತ್ತಾರೆ. ಬಸ್ಸಿಗೂ ಇದೇ ಕಾರ್ಡು. ಬಸ್ಸಲ್ಲಿ ಹತ್ತುವಾಗ ಮಾತ್ರ ತಾಗಿಸಬೇಕು, ಇಳಿಯುವಾಗ ಬೇಡ, ಈ ವ್ಯತ್ಯಾಸವನ್ನು ಅವರಿಗೆ ಬಿಡಿಸಿ ಹೇಳಿ. ನೋಟು ಹಿಡಿದು ಬಸ್ ಹತ್ತಿದರೆ ಏನೂ ಪ್ರಯೋಜನ ಇಲ್ಲ, ಲಂಡನ್ ಬಸ್ಸುಗಳಲ್ಲಿ 2014ರ ಜುಲೈಯಿಂದ ನಗದು ತಗೊಳ್ಳೋದನ್ನೇ ನಿಲ್ಲಿಸಿದ್ದಾರೆ.

ಎಲ್ಲವನ್ನೂ ನಗದಾಗಿ ಒಯ್ಯುವ ಯೋಚನೆ ಬಿಟ್ಟುಬಿಡಿ. ಹೇಗೂ ಒಬ್ಬರು ಒಂದು ಪ್ರವಾಸಕ್ಕೆ 3000 ಡಾಲರ್‌ಗೆ ಸಮನಾದಷ್ಟು ವಿದೇಶಿ ನೋಟು ಮಾತ್ರ ಒಯ್ಯಬಹುದು. ಅಷ್ಟೂ ಬೇಡ. ತಲೆಗೆ ನೂರೈವತ್ತು ಪೌಂಡ್, ಎಲ್ಲ 10 ಮತ್ತು 20ರ ನೋಟು, ಅದೂ ನಾಲ್ಕು ಜನರ ಹತ್ತಿರ ಹಂಚಿರಲಿ. 50ರ ನೋಟನ್ನು ಸಣ್ಣ ಅಂಗಡಿಯವರು ತಗೊಳ್ಳೋಕೆ ಹಿಂದೆಮುಂದೆ ನೋಡುತ್ತಾರೆ. ಮುಂಚೆ ಅಲ್ಲಿದ್ದು ಬಂದ ನೆಂಟರು ಯಾರಾದರೂ "ನನ್ನ ಹತ್ತಿರ ಉಳಿದಿದೆ, ತಗೊಂಡು ಹೋಗಿ" ಅಂತ ಪೌಂಡ್ ಕೊಟ್ಟರೆ ಮುಟ್ಟಿ ನೋಡಿ. ಪ್ಲಾಸ್ಟಿಕ್ ನೋಟಾಗಿದ್ದು, ಆಚೆ ಬದಿ ಕಾಣುವ ಪಾರದರ್ಶಕ ಕಿಟಕಿ ಇದ್ದರೆ ನಡೆಯುತ್ತೆ. ಕಾಗದದ್ದಾಗಿದ್ದರೆ ಅಂಗಡಿಯಲ್ಲಿ ನಡೆಯಲ್ಲ, 20 ಮತ್ತು 50ರ ಕಾಗದದ ನೋಟಿನ ಚಲಾವಣೆ 2022ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಬ್ಯಾಂಕ್ ಆಫ್ ಇಂಗ್ಲೆಂಡ್‌ನಲ್ಲಿ ಈಗಲೂ ಬದಲಿಸಿ ಕೊಡುತ್ತಾರೆ, ಆದರೆ ಪ್ರವಾಸದ ಒಂದು ದಿನವನ್ನು ಅದಕ್ಕೆ ಯಾಕೆ ಕಳೆಯಬೇಕು?

ಉಳಿದದ್ದು ಫಾರೆಕ್ಸ್ ಕಾರ್ಡಲ್ಲಿ, ಪೌಂಡಲ್ಲೇ ತುಂಬಿಸಿ. ಡಾಲರ್ ತುಂಬಿಸಿ ಪೌಂಡಲ್ಲಿ ಖರ್ಚು ಮಾಡಿದರೆ ಬದಲಾವಣೆಯ ಶುಲ್ಕ ಬೇರೆ ಬೀಳುತ್ತೆ. ಎಟಿಎಂನಲ್ಲಾಗಲಿ, ಅಂಗಡಿಯ ಯಂತ್ರದಲ್ಲಾಗಲಿ "ರೂಪಾಯಿಯಲ್ಲಿ ಕೊಡ್ತೀರಾ, ಪೌಂಡಲ್ಲಿ ಕೊಡ್ತೀರಾ" ಅಂತ ಕೇಳಿದರೆ ಪೌಂಡ್ ಅನ್ನೇ ಒತ್ತಿ. ರೂಪಾಯಿ ಕಂಡರೆ ನಮ್ಮವರಿಗೆ ಸಮಾಧಾನ, ಲೆಕ್ಕ ಗೊತ್ತಾಗುತ್ತಲ್ಲ ಅಂತ. ಆದರೆ ಆ ದರ ನಿಗದಿ ಮಾಡೋದು ಯಂತ್ರದ ಕಡೆಯವರು, ನಿಮಗೆ ಜಾಸ್ತಿಯೇ ಬೀಳುತ್ತೆ. ಇದನ್ನೂ ಅಪ್ಪ ಅಮ್ಮನಿಗೆ ಹೇಳಿಕೊಡಿ, ಅವರೇ ಕಾಫಿಗೆ ದುಡ್ಡು ಕೊಡುವ ಹೊತ್ತಲ್ಲಿ ನೀವು ಪಕ್ಕದಲ್ಲಿ ಇರಲ್ಲ.

ಕ್ರೆಡಿಟ್ ಕಾರ್ಡ್ ಒಂದು ಇರಲಿ, ತುರ್ತಿಗೆ, ಬೇರೆ ಜೇಬಲ್ಲಿ. 2020ರಲ್ಲಿ ರಿಸರ್ವ್ ಬ್ಯಾಂಕ್ ನಿಯಮ ಬಂದ ಮೇಲೆ ನಮ್ಮ ಹೊಸ ಕಾರ್ಡುಗಳಲ್ಲಿ ವಿದೇಶಿ ಬಳಕೆ ಆಫ್ ಆಗಿರುತ್ತೆ, ತಾಗಿಸಿ ದುಡ್ಡು ಕೊಡುವ ಸೌಲಭ್ಯವೂ ಆಫ್ ಆಗಿರುತ್ತೆ. ಬ್ಯಾಂಕ್ ಆ್ಯಪ್‌ನಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಆನ್ ಮಾಡಬೇಕು, ಇದನ್ನು ಮೈಸೂರಲ್ಲೇ ಮುಗಿಸಿ. ಇಲ್ಲಿನ ಸಿಮ್ ಕಿತ್ತಿಟ್ಟು ಹೋಗಬೇಡಿ, ಒಟಿಪಿ ಬರೋದು ಅದಕ್ಕೇ.

ಟಿಕೆಟ್ ಇಲ್ಲಿಂದಲೇ ಮಾಡಿಸಿಕೊಂಡು ಹೋಗಬೇಕಾ ಅಂತಲೂ ಕೇಳಿದ್ದೀರಿ. ಲಂಡನ್ ಒಳಗಿನ ಓಡಾಟಕ್ಕೆ ಬೇಡ. ಟ್ರಾವೆಲ್ಸ್‌ನವರು ಹಿಡಿದುಕೊಂಡು ಬರುವ ಊರು ಸುತ್ತುವ ಪಾಸೂ ಬೇಡ ಅನ್ನೋದು ನನ್ನ ಖಡಾಖಂಡಿತ ಅಭಿಪ್ರಾಯ. ಬ್ರಿಟಿಷ್ ಮ್ಯೂಸಿಯಂ ಪ್ರವೇಶ ಉಚಿತ. ನಮ್ಮ ಟಿಪ್ಪುವಿನ ಹುಲಿ, ಶ್ರೀರಂಗಪಟ್ಟಣದಿಂದ 1799ರಲ್ಲಿ ಹೋದದ್ದು, ಇರೋದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ, ಅದಕ್ಕೂ ದುಡ್ಡಿಲ್ಲ.

ಆದರೆ ಬಾತ್, ಎಡಿನ್‌ಬರಾ ಅಂತ ದೂರದ ರೈಲಿಗೆ ಹೋಗೋದಾದರೆ ಮೊದಲೇ ತಗೊಳ್ಳಿ, ತುಂಬಾ ಅಗ್ಗ. ಅಡ್ವಾನ್ಸ್ ಟಿಕೆಟ್ ಅಂದರೆ ಅದೇ ರೈಲಿಗೆ ಮಾತ್ರ, ಮುಂದಿನ ರೈಲು ಖಾಲಿ ಹೋಗುತ್ತಿದ್ದರೂ ಹತ್ತುವಂತಿಲ್ಲ. ವಯಸ್ಸಾದವರು ಜೊತೆಗಿದ್ದಾಗ ಬೆಳಗಿನ ಮೊದಲ ರೈಲಿಗೆ ಇದನ್ನು ಮಾಡಿಸಲೇಬೇಡಿ, ಹನ್ನೊಂದರ ರೈಲು ನೋಡಿ. ಇನ್ನೂ ಒಂದು, ಇಲ್ಲಿ ಒಂದು ಪಿಎನ್‌ಆರ್‌ನಲ್ಲಿ ಇಡೀ ಸಂಸಾರ ಹೋಗುತ್ತೆ ಅಲ್ವಾ, ಅಲ್ಲಿ ಮೊಬೈಲ್‌ಗೆ ಬರುವ ಟಿಕೆಟ್ಟು ತಲೆಗೊಂದು, ಒಂದೊಂದರಲ್ಲೂ ಬೇರೆ ಕೋಡು. ಗೇಟು ತೆರೆಯೋದು ಅದರಿಂದಲೇ. ಅಪ್ಪ ಅಮ್ಮನ ಟಿಕೆಟ್ಟನ್ನು ಕಾಗದದ ಮೇಲೆ ಮುದ್ರಿಸಿ ಅವರ ಕೈಗೇ ಕೊಡಿ, ಹಿಂದುಗಡೆ ನಿಮ್ಮ ಫೋನ್ ನಂಬರು, ಉಳಿದುಕೊಂಡ ಮನೆಯ ವಿಳಾಸ, ಹತ್ತಿರದ ಸ್ಟೇಷನ್ ಹೆಸರು ದೊಡ್ಡ ಅಕ್ಷರದಲ್ಲಿ ಬರೆದಿಡಿ. ಮೂರು ಜನಕ್ಕಿಂತ ಕಮ್ಮಿ ಇಲ್ಲದಿದ್ದರೆ ಗ್ರೂಪ್‌ಸೇವ್ ಅಂತ ರಿಯಾಯಿತಿ ಇದೆ, ಜನದಟ್ಟಣೆ ಇಲ್ಲದ ಹೊತ್ತಿನ ಟಿಕೆಟ್‌ನಲ್ಲಿ ಮೂರನೇ ಒಂದು ಭಾಗ ಕಡಿಮೆಯಾಗುತ್ತೆ. ಎಲ್ಲ ಕಂಪನಿಯ ರೈಲಲ್ಲೂ ಇಲ್ಲ, ಟಿಕೆಟ್ ತಗೊಳ್ಳುವಾಗ ನೋಡಿ. ನೀವು ನಾಲ್ಕು ಜನ, ಇದ್ದ ಕಡೆ ಸಿಗುತ್ತೆ.

ಹೊರಡೋಕೆ ಇನ್ನೂ ಒಂದೂವರೆ ತಿಂಗಳಿದೆ ಅಂದಿದ್ದೀರಿ. ಈ ವಾರವೇ ಅಪ್ಪ ಅಮ್ಮನನ್ನು ಕರೆದುಕೊಂಡು ಬ್ಯಾಂಕಿಗೆ ಹೋಗಿ, ಅವರವರ ಹೆಸರಲ್ಲೇ ಕಾರ್ಡಿಗೆ ಕೊಡಿ. ಪಾಸ್‌ಪೋರ್ಟ್, ಪ್ಯಾನ್, ವೀಸಾ, ವಿಮಾನದ ಟಿಕೆಟ್ ಪ್ರತಿ ಜೊತೆಗಿರಲಿ. ಕಾರ್ಡ್ ಕೈಗೆ ಬಂದ ಮೇಲೆ ಪಿನ್ ಅನ್ನು ಅವರೇ ಹಾಕಲಿ, ನೀವು ಹಾಕಿಕೊಡಬೇಡಿ.